ಮೈಬಣ್ಣ, ಬಟ್ಟೆಯ ಬಣ್ಣ ಮತ್ತು ಉಳಿದ ದಾಸ್ತಾನು

ಪ್ರತಿ ವರ್ಷ ಮಾರ್ಚ್ 31ರಂದು ಬಟ್ಟೆ ಅಂಗಡಿಗಳಲ್ಲಿ ದಾಸ್ತಾನಿನ ಎಣಿಕೆ ನಡೆಯುತ್ತದೆ. ಎಣಿಕೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಸರಕಿನ ಹೆಸರು, ನಗಗಳ ಸಂಖ್ಯೆ ಮತ್ತು ಖರೀದಿ ಬೆಲೆ ಎಂಬ ಮೂರು ಅಂಕಣಗಳಿರುತ್ತವೆ, ಬಣ್ಣಕ್ಕೆ ಅಂಕಣವಿರುವುದಿಲ್ಲ. ಆದರೆ ಕಪಾಟಿನ ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಕುಳಿತಿರುವ ಸರಕನ್ನು ಕೆಳಗಿಳಿಸಿ ನೋಡಿದರೆ, ಬಹಳಷ್ಟು ಸಂದರ್ಭಗಳಲ್ಲಿ ಅದು ಕಳಪೆ ಬಟ್ಟೆಯಾಗಿರುವುದಿಲ್ಲ. ಅದೇ ನೂಲಿನ, ಅದೇ ಹೊಲಿಗೆಯ, ಅದೇ ಬೆಲೆಯ ಇತರ ಬಣ್ಣಗಳು ಮಾರಾಟವಾಗಿ ಹೋಗಿರುತ್ತವೆ. ಉಳಿದಿರುವುದು ಎರಡು ಅಥವಾ ಮೂರು ಬಣ್ಣಗಳು ಮಾತ್ರ.

ಇದರ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ವ್ಯಾಪಾರಿಯೊಬ್ಬರು ಎಂಟು ಬಣ್ಣಗಳಲ್ಲಿ, ಬಣ್ಣಕ್ಕೆ 12ರಂತೆ, 96 ಅಂಗಿಗಳನ್ನು ತಲಾ ರೂ. 500ಕ್ಕೆ ಖರೀದಿಸಿ ರೂ. 750ಕ್ಕೆ ಮಾರಲು ಇಡುತ್ತಾರೆ. ತೆರಿಗೆಯನ್ನು ಬದಿಗಿಟ್ಟರೆ ಹೂಡಿದ ಹಣ ರೂ. 48,000, ನಿರೀಕ್ಷಿತ ಲಾಭ ರೂ. 24,000. ಆರು ಬಣ್ಣಗಳು ಪೂರ್ಣ ಬೆಲೆಗೆ ಮಾರಾಟವಾಗಿ ರೂ. 54,000 ಬರುತ್ತದೆ. ಉಳಿದ ಎರಡು ಬಣ್ಣಗಳ 24 ಅಂಗಿಗಳನ್ನು ಕಡೆಗೆ ತಲಾ ರೂ. 300ಕ್ಕೆ ಕೊಡಬೇಕಾಗುತ್ತದೆ, ಅದರಿಂದ ಬರುವುದು ರೂ. 7,200. ಲಾಭ ರೂ. 13,200ಕ್ಕೆ ಇಳಿಯಿತು. ಎರಡೇ ಬಣ್ಣಗಳು ಲಾಭದ ಶೇ. 45ರಷ್ಟನ್ನು ತಿಂದುಹಾಕಿದವು. ಬಾಡಿಗೆ, ಸಂಬಳ, ಬ್ಯಾಂಕಿನ ಬಡ್ಡಿ ಇನ್ನೂ ಕಳೆಯಬೇಕಾಗಿದೆ.

ಈ ಎರಡು ಬಣ್ಣಗಳು ಏಕೆ ಉಳಿದವು? ಫ್ಯಾಷನ್ ಬದಲಾಯಿತು ಎಂಬುದು ಸುಲಭದ ಉತ್ತರ, ಕೆಲವೊಮ್ಮೆ ಸರಿಯಾದ ಉತ್ತರವೂ ಹೌದು. ಆದರೆ ಗಿರಾಕಿಯು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿ, "ಬಟ್ಟೆ ಚೆನ್ನಾಗಿದೆ, ಯಾಕೋ ನನಗೆ ಒಪ್ಪುತ್ತಿಲ್ಲ" ಎಂದು ಮಡಚಿಟ್ಟು ಹೋಗುವ ದೃಶ್ಯವನ್ನು ಪ್ರತಿಯೊಬ್ಬ ಜವಳಿ ವ್ಯಾಪಾರಿಯೂ ಕಂಡಿರುತ್ತಾರೆ. ಆ "ಯಾಕೋ" ಎಂಬುದಕ್ಕೆ ಕಾರಣವಿದೆ, ಅದನ್ನು ತಿಳಿದುಕೊಳ್ಳಲೂ ಸಾಧ್ಯವಿದೆ.

ಬಣ್ಣದ ಪಕ್ಕದ ಬಣ್ಣ

ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಯೂಜೀನ್ ಷೆವ್ರಲ್ 1824ರಲ್ಲಿ ಪ್ಯಾರಿಸಿನ ಗೋಬೆಲಾನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ನಿರ್ದೇಶಕರಾದರು. ಅಲ್ಲಿನ ಕಪ್ಪು ಬಣ್ಣಕ್ಕೆ ಗಾಢತೆ ಸಾಲದೆಂಬ ದೂರು ಅವರ ಮುಂದೆ ಬಂತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪು ನೂಲಿನ ಪಕ್ಕದಲ್ಲಿ ನೇಯ್ದಿದ್ದ ನೀಲಿ ಮತ್ತು ನೇರಳೆ ಬಣ್ಣಗಳೇ ಅದನ್ನು ಪೇಲವವಾಗಿ ತೋರಿಸುತ್ತಿದ್ದವು. ವ್ಯಾಪಾರಸ್ಥರಿಗೆ ಇನ್ನೂ ಹತ್ತಿರವಾಗುವ ಪ್ರಸಂಗವೊಂದನ್ನು ಅವರು ದಾಖಲಿಸಿದ್ದಾರೆ. ಬಣ್ಣದ ಬಟ್ಟೆಗಳ ಮೇಲೆ ಕಪ್ಪು ಚಿತ್ತಾರ ಅಚ್ಚು ಹಾಕಿಸಿದ ವರ್ತಕರು, ಕೆಂಪು ಬಟ್ಟೆಯ ಮೇಲಿನ ಚಿತ್ತಾರ ಹಸಿರಾಗಿಯೂ ನೀಲಿ ಬಟ್ಟೆಯ ಮೇಲಿನದು ತಾಮ್ರದ ಬಣ್ಣವಾಗಿಯೂ ಬಂದಿದೆಯೆಂದು ಅಚ್ಚಿನವರೊಡನೆ ಜಗಳಕ್ಕೆ ನಿಂತರು. ಚಿತ್ತಾರವಷ್ಟೇ ಕಾಣುವಂತೆ ಕತ್ತರಿಸಿದ ಬಿಳಿಯ ಕಾಗದವನ್ನು ಷೆವ್ರಲ್ ಬಟ್ಟೆಯ ಮೇಲೆ ಹೊದಿಸಿದಾಗ ಎಲ್ಲವೂ ಕಪ್ಪಾಗಿಯೇ ಕಂಡವು. ಅಚ್ಚಿನವರಿಗೆ ನ್ಯಾಯ ದೊರೆಯಿತು. ಒಂದು ಬಣ್ಣವು ತನ್ನ ಪಕ್ಕದ ಬಣ್ಣವನ್ನು ತನಗೆ ವಿರುದ್ಧವಾದ ಬಣ್ಣದ ಕಡೆಗೆ ತಳ್ಳುತ್ತದೆಂಬ ಈ ನಿಯಮವನ್ನು ಅವರು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮುಖದ ವರ್ಣಕ್ಕೆ ಯಾವ ಉಡುಪು ಒಪ್ಪುತ್ತದೆ ಎಂಬ ಚರ್ಚೆಯೂ ಅದೇ ಗ್ರಂಥದಲ್ಲಿದೆ.

ಮುಖವೂ ಒಂದು ಬಣ್ಣವೇ. ಕೊರಳಿನ ಬಳಿ ಹಸಿರು ಬಂದರೆ ಮುಖದ ಕೆಂಪು ಹೆಚ್ಚಿದಂತೆ ತೋರುತ್ತದೆ. ಕೆಂಪು ಛಾಯೆ ಕಡಿಮೆಯಿದ್ದು ಬಿಳಿಚಿಕೊಂಡಂತೆ ಕಾಣುವ ಮುಖಕ್ಕೆ ಇದರಿಂದ ಕಳೆ ಬರುತ್ತದೆ; ಈಗಾಗಲೇ ಕೆಂಪೇರಿದ ಮುಖವನ್ನು ಇದೇ ಹಸಿರು ಇನ್ನಷ್ಟು ಕೆಂಪಾಗಿಸುತ್ತದೆ. ತಿಳಿ ಬಟ್ಟೆಯ ಮೇಲೆ ಚರ್ಮ ಗಾಢವಾಗಿಯೂ, ಗಾಢ ಬಟ್ಟೆಯ ಮೇಲೆ ತಿಳಿಯಾಗಿಯೂ ಕಾಣುತ್ತದೆ. ಇದರ ಜೊತೆಗೆ ಎರಡನೆಯ ಪರಿಣಾಮವೊಂದಿದೆ. ಹೊಳಪಿನ ಬಟ್ಟೆಯು ತನ್ನ ಬಣ್ಣದ ಬೆಳಕನ್ನು ಗದ್ದದ ಕೆಳಭಾಗಕ್ಕೆ ಎರಚುತ್ತದೆ. ಆದ್ದರಿಂದ ಹಸಿರು ಹತ್ತಿಯ ಬಟ್ಟೆ ಒಪ್ಪಿದ ಮುಖಕ್ಕೆ ಅದೇ ಹಸಿರಿನ ಸ್ಯಾಟಿನ್ ಒಪ್ಪದಿರಬಹುದು: ಒಂದರಲ್ಲಿ ಕಣ್ಣಿನ ಭ್ರಮೆಯಿಂದ ಕೆಂಪು ಹೆಚ್ಚಿದರೆ, ಇನ್ನೊಂದರಲ್ಲಿ ದವಡೆಯ ಮೇಲೆ ನಿಜವಾಗಿಯೇ ಹಸಿರು ಬಿದ್ದಿರುತ್ತದೆ. ಬಣ್ಣದ ತುಂಡು ಕಾಗದ ನೋಡಿ ರೇಷ್ಮೆಗೆ ಆರ್ಡರ್ ಕೊಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ನಮ್ಮವರ ಮೈಬಣ್ಣ, ಹೊರಗಿನವರ ಪಟ್ಟಿ

ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಚರ್ಮದಡಿಯ ರಕ್ತದ ಕೆಂಪು ಮತ್ತು ಆಹಾರದಿಂದ ಬರುವ ಕ್ಯಾರೊಟಿನ್‌ನ ಹಳದಿ ಅದಕ್ಕೆ ಸೇರುತ್ತವೆ. ಹಾಗಾಗಿ ಮೈಬಣ್ಣದಲ್ಲಿ ನೋಡಬೇಕಾದ ಅಂಶಗಳು ಎರಡು: ಎಷ್ಟು ಗಾಢ ಎಂಬುದೊಂದು, ಒಳಛಾಯೆ ಹಳದಿಯ ಕಡೆಗಿದೆಯೋ ಕೆಂಪು-ನೀಲಿಯ ಕಡೆಗಿದೆಯೋ ಎಂಬುದಿನ್ನೊಂದು. ಕನ್ನಡದ ಎಣ್ಣೆಗೆಂಪು, ಗೋಧಿ ಬಣ್ಣ, ಎಣ್ಣೆಗಪ್ಪು ಎಂಬ ಮಾತುಗಳಲ್ಲಿ ಎರಡೂ ಅಂಶಗಳು ಒಟ್ಟಿಗೆ ಅಡಗಿವೆ. ಇಂಗ್ಲಿಷಿನ ಹಲವು ಪಟ್ಟಿಗಳಿಗಿಂತ ಇವು ಅಂಗಡಿಯ ಕೆಲಸಕ್ಕೆ ಹೆಚ್ಚು ಉಪಯುಕ್ತ ಎಂದರೆ ಅತಿಶಯೋಕ್ತಿಯಾಗದು.

ಪಟ್ಟಿಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅಮೆರಿಕದ ಕ್ಯಾರೊಲ್ ಜಾಕ್ಸನ್ 1980ರಲ್ಲಿ ಪ್ರಕಟಿಸಿದ 'ಕಲರ್ ಮಿ ಬ್ಯೂಟಿಫುಲ್' ಪುಸ್ತಕವು ಜನರನ್ನು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಎಂಬ ನಾಲ್ಕು ಋತುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಬಣ್ಣಗಳನ್ನು ಸೂಚಿಸಿತು. ಏಷ್ಯಾ ಮತ್ತು ಆಫ್ರಿಕಾ ಮೂಲದವರಲ್ಲಿ ಹೆಚ್ಚಿನವರು ಅದರಲ್ಲಿ 'ಚಳಿಗಾಲ' ಎಂಬ ಒಂದೇ ಕಟ್ಟಿಗೆ ಸೇರಿಬಿಟ್ಟರು. ಬೀದರಿನಿಂದ ಕೊಡಗಿನವರೆಗಿನ ಗಿರಾಕಿಗಳನ್ನು ಒಂದೇ ಕಪಾಟಿನಲ್ಲಿಡುವ ವಿಂಗಡಣೆಯಿಂದ ಇಲ್ಲಿನ ವ್ಯಾಪಾರಿಗೆ ಏನೂ ಪ್ರಯೋಜನವಿಲ್ಲ. ಚರ್ಮರೋಗ ತಜ್ಞರು ಬಳಸುವ ಫಿಟ್ಸ್‌ಪ್ಯಾಟ್ರಿಕ್ ಶ್ರೇಣಿ 1975ರಲ್ಲಿ ರೂಪುಗೊಂಡಾಗ ಬಿಳಿಯ ಚರ್ಮವು ಬಿಸಿಲಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದಷ್ಟೇ ಅದರ ವಿಷಯವಾಗಿತ್ತು. ಕಂದು ಮತ್ತು ಕಪ್ಪು ಚರ್ಮದ ವರ್ಗಗಳು ನಂತರ ಸೇರಿದವು. ಸಮಾಜ ವಿಜ್ಞಾನಿ ಎಲ್ಲಿಸ್ ಮಂಕ್ ರೂಪಿಸಿ, 2022ರಲ್ಲಿ ಗೂಗಲ್ ಸಂಸ್ಥೆ ಬಿಡುಗಡೆ ಮಾಡಿದ ಹತ್ತು ಛಾಯೆಗಳ ಶ್ರೇಣಿಯಲ್ಲಿ ಗಾಢ ವರ್ಣಗಳಿಗೆ ಹೆಚ್ಚಿನ ಸ್ಥಾನ ದೊರೆತಿದೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಡೇವಿಡ್ ಪೆರೆಟ್ ಮತ್ತು ಅವರ ಸಹೋದ್ಯೋಗಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಡುವವರು ತಿಳಿ ಚರ್ಮದ ಮುಖಗಳಿಗೆ ನೀಲಿಯ ಕಡೆಗಿನ ಬಣ್ಣಗಳನ್ನೂ ಬಿಸಿಲಿಗೆ ಕಂದಿದ ಮುಖಗಳಿಗೆ ಕಿತ್ತಳೆ-ಕೆಂಪಿನ ಕಡೆಗಿನ ಬಣ್ಣಗಳನ್ನೂ ಆರಿಸಿದರು. ಮೈಬಣ್ಣಕ್ಕೂ ಉಡುಪಿನ ಬಣ್ಣಕ್ಕೂ ಸಂಬಂಧವಿದೆಯೆಂಬ ನಂಬಿಕೆ ಬರೀ ಮಾತಲ್ಲ ಎಂಬುದಕ್ಕೆ ಇದು ಒಂದು ಆಧಾರ. ಆದರೆ ಪರೀಕ್ಷೆಗೆ ಬಳಸಿದವು ಬಿಳಿಯ ಜನಾಂಗದ ಮಹಿಳೆಯರ ಮುಖಗಳು. ಅದರ ಫಲಿತಾಂಶವನ್ನು ಹಾಗೆಯೇ ಹುಬ್ಬಳ್ಳಿಯ ಅಂಗಡಿಗೆ ತರಲಾಗದು.

ನಮ್ಮಲ್ಲಿ ಕಣ್ಣಿಗೆ ಕಾಣುವುದೇನು? ಎಣ್ಣೆಗಪ್ಪು ಮೈಬಣ್ಣಕ್ಕೆ ತುಂಬು ಬಣ್ಣಗಳು, ಅಂದರೆ ಕುಂಕುಮದ ಕೆಂಪು, ಅರಿಶಿನದ ಹಳದಿ, ನವಿಲಿನ ನೀಲಿ, ಎಲೆಹಸಿರು ಹಾಗೂ ಅಚ್ಚ ಬಿಳಿ ಚೆನ್ನಾಗಿ ಒಪ್ಪುತ್ತವೆ. ಬೂದಿ ಬೆರೆತಂತಿರುವ ಕಂದು, ಮಾಸಿದ ಖಾಕಿ ಮುಂತಾದವು ಚರ್ಮದ ಬಣ್ಣಕ್ಕೆ ತೀರ ಸಮೀಪವಾದ್ದರಿಂದ ಮುಖವೂ ಬಟ್ಟೆಯೂ ಒಂದರಲ್ಲೊಂದು ಕರಗಿ ಎರಡೂ ಕಳೆಗುಂದುತ್ತವೆ. ಗೋಧಿ ಬಣ್ಣದವರಲ್ಲಿ ಒಳಛಾಯೆ ಹಳದಿಯಾಗಿದ್ದರೆ ಸಾಸಿವೆ ಮತ್ತು ಮರಳಿನ ಬಣ್ಣಗಳಿಗೆ ಇದೇ ತೊಂದರೆ. ಕಡುಗೆಂಪು, ಗಾಢ ಹಸಿರು, ಹಸಿರು ಬೆರೆತ ನೀಲಿ ಅವರ ಮುಖವನ್ನು ಎತ್ತಿ ತೋರಿಸುತ್ತವೆ. ಎಣ್ಣೆಗೆಂಪಿನವರಿಗೆ ಒಪ್ಪದ ಬಣ್ಣಗಳು ಕಡಿಮೆ. ಬಿಳುಪು ಮೈಬಣ್ಣದವರಿಗೆ ಎಲ್ಲವೂ ಒಪ್ಪುತ್ತದೆಂಬುದು ಅಂಗಡಿಗಳಲ್ಲಿ ಬೇರೂರಿರುವ ತಪ್ಪು ಕಲ್ಪನೆ. ಹಳದಿ ಛಾಯೆಯ ಬಿಳುಪಿಗೆ ನಸುಹಳದಿ ಬಟ್ಟೆ ಕಾಯಿಲೆಯವರ ಮುಖದಂತೆ ಕಾಣುವ ಹಾಗೆ ಮಾಡಬಲ್ಲದು.

ಬಾಗಲಕೋಟೆ ಜಿಲ್ಲೆಯ ನೇಕಾರರು ಈ ಸಮಸ್ಯೆಯನ್ನು ಪುಸ್ತಕವಿಲ್ಲದೆಯೇ ನಿಭಾಯಿಸಿದ್ದಾರೆ. ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದಾದರೂ ಇರಲಿ, ಸಾಂಪ್ರದಾಯಿಕ ಸೆರಗು ಬಿಳಿಯ ವಿನ್ಯಾಸವುಳ್ಳ ಕೆಂಪಿನದು. ಉತ್ತರ ಕರ್ನಾಟಕದ ರೂಢಿಯಂತೆ ಸೆರಗನ್ನು ತಲೆಯ ಮೇಲೆ ಹೊದ್ದಾಗ ಮುಖದ ಸುತ್ತ ಬರುವುದು ಆ ಕೆಂಪೇ. ಗುಳೇದಗುಡ್ಡದ ಖಣದ ಕುಪ್ಪಸ ಕೊರಳಿಗೆ ತನ್ನದೇ ಬಣ್ಣ ಕೊಡುತ್ತದೆ. ಆದ್ದರಿಂದ ಕಪ್ಪು ಒಡಲಿನ ಚಂದ್ರಕಾಳಿ ಸೀರೆಯೂ ಎಲ್ಲ ಮೈಬಣ್ಣದವರಿಗೂ ಸಲ್ಲುತ್ತದೆ. ಇದರಲ್ಲಿ ವ್ಯಾಪಾರದ ಸೂಕ್ಷ್ಮವೂ ಇದೆ: ಮುಖದ ಹತ್ತಿರದ ಭಾಗ ಖಚಿತವಾಗಿ ಒಪ್ಪುವ ಬಣ್ಣದ್ದಾಗಿದ್ದರೆ, ಉಳಿದ ಭಾಗದಲ್ಲಿ ಹೊಸ ಬಣ್ಣ ಪ್ರಯತ್ನಿಸುವ ಅಪಾಯ ಕಡಿಮೆ. ಚೂಡಿದಾರದ ದುಪಟ್ಟಾ, ಕುರ್ತಾದ ಕೊರಳಪಟ್ಟಿ, ಅಂಗಿಯ ಕಾಲರಿನ ಒಳಪದರ ಇವುಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಪ್ಯಾಂಟಿನ ಬಣ್ಣ ಮುಖಕ್ಕೆ ಒಪ್ಪುತ್ತದೆಯೇ ಎಂದು ಯಾರೂ ಚಿಂತಿಸಬೇಕಾಗಿಲ್ಲ.

ಅಂಗಡಿಯ ದೀಪ

ಮೈಬಣ್ಣಕ್ಕೆ ಬಟ್ಟೆ ಹೊಂದಿಸುವ ಕೆಲಸವನ್ನು ಕೆಡಿಸುವ ಮೊದಲ ವಸ್ತು ಅಂಗಡಿಯ ಬೆಳಕು. ದೀಪವೊಂದು ವಸ್ತುಗಳ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದನ್ನು ಸಿಆರ್‌ಐ ಎಂಬ ಅಂಕಿಯಿಂದ ಅಳೆಯುತ್ತಾರೆ, ಗರಿಷ್ಠ 100. ಸಾಧಾರಣ ಎಲ್‌ಇಡಿ ದೀಪಗಳಲ್ಲಿ ಇದು 80ರ ಆಸುಪಾಸು. ಆದರೆ ಈ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ ಮಾತ್ರ. ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಗಾಢ ಕೆಂಪಿಗೆ ಆರ್9 ಎಂಬ ಪ್ರತ್ಯೇಕ ಅಂಕಿಯಿದ್ದು, ಸಿಆರ್‌ಐ 80ರ ಎಷ್ಟೋ ದೀಪಗಳಲ್ಲಿ ಅದು ಸೊನ್ನೆಯ ಹತ್ತಿರವಿರುತ್ತದೆ. ಮನುಷ್ಯನ ಚರ್ಮದಲ್ಲಿ ರಕ್ತದ ಕೆಂಪಿರುವುದರಿಂದ ಇಂಥ ದೀಪದಡಿಯಲ್ಲಿ ಎಲ್ಲರ ಮುಖವೂ ಬೂದು ಬಣ್ಣಕ್ಕೆ ತಿರುಗುತ್ತದೆ. ಕೆಂಪು ಸೀರೆ ಇಟ್ಟಿಗೆಯ ಬಣ್ಣವಾಗುತ್ತದೆ. ಕನ್ನಡಿಯ ಮುಂದೆ ನಿಂತ ಗಿರಾಕಿ ತನ್ನನ್ನೇ ದೂಷಿಸಿಕೊಂಡು ಹೊರಟುಹೋಗುತ್ತಾರೆ. ಅಂಗಡಿಯ ಎಲ್ಲ ದೀಪಗಳನ್ನೂ ಬದಲಿಸಬೇಕೆಂದಿಲ್ಲ. ಕನ್ನಡಿಯ ಬಳಿಯ ಒಂದೆರಡು ದೀಪಗಳನ್ನಾದರೂ ಸಿಆರ್‌ಐ 90ಕ್ಕೆ ಮೇಲ್ಪಟ್ಟು, ಆರ್9 ಅಂಕಿ ಉತ್ತಮವಾಗಿರುವಂತೆ ಕೇಳಿ ತರಿಸುವುದು ಲಾಭದಾಯಕ. ಪೆಟ್ಟಿಗೆಯ ಮೇಲೆ ಈ ಅಂಕಿಗಳನ್ನು ಮುದ್ರಿಸದ ದೀಪವನ್ನು ಬಟ್ಟೆ ಅಂಗಡಿಗೆ ತರಬಾರದು.

ಇನ್ನೊಂದು ತೊಡಕು ಸಿದ್ಧ ಉಡುಪಿನ ತಯಾರಕರಿಗೆ ಚೆನ್ನಾಗಿ ಗೊತ್ತಿರುವಂಥದು. ಎರಡು ಬೇರೆ ರಾಸಾಯನಿಕಗಳಿಂದ ಬಂದ ಒಂದೇ ಬಣ್ಣವು ಒಂದು ಬೆಳಕಿನಲ್ಲಿ ಹೊಂದಿಕೊಂಡು ಇನ್ನೊಂದರಲ್ಲಿ ಬೇರ್ಪಡುತ್ತದೆ. ಟ್ಯೂಬ್‌ಲೈಟಿನಲ್ಲಿ ಕುರ್ತಾಕ್ಕೆ ಸರಿಹೊಂದಿದ ದುಪಟ್ಟಾ ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದು ಇದರಿಂದಲೇ. ಬಣ್ಣ ಹಾಕುವ ಘಟಕಗಳು ಹಗಲು ಬೆಳಕಿನ ಡಿ65 ಮತ್ತು ಅಂಗಡಿ ಬೆಳಕಿನ ಟಿಎಲ್84 ದೀಪಗಳಿರುವ ಪೆಟ್ಟಿಗೆಯಲ್ಲಿ ಮಾದರಿಗಳನ್ನು ಪರೀಕ್ಷಿಸುತ್ತವೆ. ಅಂಥ ಪೆಟ್ಟಿಗೆಯಿಲ್ಲದ ಸಣ್ಣ ತಯಾರಕರು ಮಾದರಿಯನ್ನು ಒಮ್ಮೆ ಬಾಗಿಲಾಚೆ, ಒಮ್ಮೆ ದೀಪದಡಿ ನೋಡಿ ಒಪ್ಪಿಗೆ ಕೊಡುವುದಾದರೂ ರೂಢಿಯಾಗಬೇಕು.

ಕೌಂಟರಿನಲ್ಲಿ ಮಾಡಬಹುದಾದ ಪರೀಕ್ಷೆ ಸರಳವಾದದ್ದು. ಗಿರಾಕಿಯನ್ನು ಹಗಲು ಬೆಳಕು ಬೀಳುವ ಬಾಗಿಲಿನ ಬಳಿಯ ಕನ್ನಡಿಯ ಮುಂದೆ ನಿಲ್ಲಿಸಿ, ಉಟ್ಟ ಬಟ್ಟೆ ಕಾಣದಂತೆ ಕೊರಳ ಕೆಳಗೆ ಬಿಳಿಯ ಬಟ್ಟೆ ಹೊದಿಸಬೇಕು. ಅನಂತರ ಎರಡು ಬಣ್ಣದ ತುಂಡುಗಳನ್ನು ಒಂದಾದ ಮೇಲೊಂದರಂತೆ ಗದ್ದದ ಕೆಳಗೆ ಹಿಡಿಯಬೇಕು. ಒಂದನ್ನೇ ಹಿಡಿದು ಕೇಳಿದರೆ ಉತ್ತರ ಸಿಗದು, ಹೋಲಿಕೆ ಬೇಕು. ನೋಡಬೇಕಾದದ್ದು ಬಟ್ಟೆಯನ್ನಲ್ಲ, ಮುಖವನ್ನು. ಕಣ್ಣಿನ ಕೆಳಗಿನ ಕಪ್ಪು ಹೆಚ್ಚಿತೇ, ತುಟಿಯ ಬಣ್ಣ ಮಸುಕಾಯಿತೇ, ಗದ್ದದ ಅಂಚಿನಲ್ಲಿ ನೆರಳು ಕಟ್ಟಿತೇ? ಹಾಗಾದರೆ ಆ ಬಣ್ಣ ಬೇಡ. ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡುವ ಪ್ರಸಿದ್ಧ ಪರೀಕ್ಷೆ ಗಾಢ ಚರ್ಮದಲ್ಲಿ ನರವೇ ಸ್ಪಷ್ಟವಾಗಿ ಕಾಣದ ಕಾರಣ ಇಲ್ಲಿ ನಂಬಲರ್ಹವಲ್ಲ. ಬಿಸಿಲಿನಲ್ಲಿ ದುಡಿಯುವವರ ಕೈಗೂ ಮುಖಕ್ಕೂ ಬಣ್ಣದ ವ್ಯತ್ಯಾಸವಿರುತ್ತದೆ. ಮುಖಕ್ಕೆ ಅರಿಶಿನ ಹಚ್ಚುವವರಲ್ಲಿ ಕಾಣುವ ಹಳದಿ ಚರ್ಮದ್ದಾಗಿರುವುದಿಲ್ಲ. ಹೀಗಾಗಿ ಕಿವಿಯ ಹಿಂಬದಿ ಅಥವಾ ಕೊರಳಿನ ಪಕ್ಕದ ಚರ್ಮವನ್ನು ಗಮನಿಸುವುದು ಉತ್ತಮ.

ಮಾರಾಟಗಾರನ ಮಾತು

"ನಿಮ್ಮ ಬಣ್ಣಕ್ಕೆ ಇದು ಆಗುವುದಿಲ್ಲ, ಸ್ವಲ್ಪ ತಿಳಿಯದು ತೋರಿಸುತ್ತೇನೆ" ಎಂಬ ಒಂದು ಮಾತು ಎಷ್ಟು ಗಿರಾಕಿಗಳನ್ನು ಕಳೆದಿದೆಯೆಂದು ಯಾವ ಲೆಕ್ಕದ ಪುಸ್ತಕವೂ ಹೇಳುವುದಿಲ್ಲ. ಕಪ್ಪು ಮೈಬಣ್ಣವನ್ನು ಕೊರತೆಯೆಂದು ಭಾವಿಸುವ ಚಾಳಿ ಮಾರುಕಟ್ಟೆಯಲ್ಲಿ ಹಳೆಯದು. 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' ಮುಲಾಮಿನ ಹೆಸರಿನಿಂದ 'ಫೇರ್' ಎಂಬ ಪದ ಹೊರಬೀಳಲು 2020ರವರೆಗೆ ಕಾಯಬೇಕಾಯಿತು. ಬಟ್ಟೆಯ ವ್ಯಾಪಾರದಲ್ಲಿ ಈ ಚಾಳಿಯಿಂದ ನೇರವಾದ ನಷ್ಟವೂ ಇದೆ. ಮೈಯನ್ನು ಬೆಳ್ಳಗೆ ತೋರಿಸುವ ಬಟ್ಟೆ ಬೇಕೆಂಬ ಊಹೆಯಿಂದ ಗಿರಾಕಿಗೆ ಪೇಲವ ಬಣ್ಣಗಳನ್ನೇ ತೋರಿಸಿದರೆ, ಆಕೆಗೆ ನಿಜವಾಗಿ ಒಪ್ಪುವ ತುಂಬು ಬಣ್ಣದ ಸರಕು ಕಪಾಟಿನಲ್ಲೇ ಉಳಿಯುತ್ತದೆ. ಬಟ್ಟೆ ತೊಡಿಸಿ ನಿಲ್ಲಿಸುವ ಗೊಂಬೆಗಳೂ ಬಹುತೇಕ ಬಿಳಿಚಿದ ಬಣ್ಣದವೇ. ಗಿರಾಕಿಗಳಲ್ಲಿ ಹೆಚ್ಚಿನವರು ಗೋಧಿ ಮತ್ತು ಎಣ್ಣೆಗೆಂಪು ಬಣ್ಣದವರಾಗಿರುವ ಊರಿನಲ್ಲಿ, ಅದೇ ಬಣ್ಣದ ಒಂದು ಗೊಂಬೆಯಾದರೂ ಗಾಜಿನ ಹಿಂದೆ ನಿಲ್ಲಬಾರದೇಕೆ?

ನೌಕರರಿಗೆ ಹೇಳಿಕೊಡಬೇಕಾದದ್ದು ಇಷ್ಟೇ: ಗಿರಾಕಿಯ ಚರ್ಮದ ಬಗ್ಗೆ ಒಂದು ಮಾತನ್ನೂ ಆಡಬಾರದು, ಬಟ್ಟೆಯ ಬಗ್ಗೆ ಮಾತ್ರ ಆಡಬೇಕು. "ಅಮ್ಮಾ, ಈ ಎರಡನ್ನೂ ಬೆಳಕಿಗೆ ಹಿಡಿದು ನೋಡಿ" ಎಂದರೆ ಸಾಕು, ತೀರ್ಮಾನ ಅವರದು. ಮನಸ್ಸಿಗೆ ಇಷ್ಟವಾದ ಬಣ್ಣ ಮುಖಕ್ಕೆ ಒಪ್ಪದಿದ್ದರೂ ಕೊಂಡುಹೋಗುವ ಹಕ್ಕು ಗಿರಾಕಿಗಿದೆ. ಹಬ್ಬಕ್ಕೆ, ಹರಕೆಗೆ, ಸಂಪ್ರದಾಯಕ್ಕೆಂದು ಬಣ್ಣ ಆರಿಸುವವರ ಮುಂದೆ ಈ ಶಾಸ್ತ್ರವನ್ನೆಲ್ಲ ಬಿಚ್ಚುವ ಅಗತ್ಯವೇ ಇಲ್ಲ.

ಪುಸ್ತಕದಲ್ಲಿ ಬಣ್ಣದ ಅಂಕಣ

ಇನ್ನು ಲೆಕ್ಕದ ವಿಷಯ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ವರ್ಷಾಂತ್ಯದ ದಾಸ್ತಾನನ್ನು ಖರೀದಿ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿಯೂ ತತ್ತ್ವ ಇದೇ. ಮೇಲಿನ ಉದಾಹರಣೆಯ 24 ಅಂಗಿಗಳು ಮಾರ್ಚ್ 31ರಂದು ಅಂಗಡಿಯಲ್ಲಿದ್ದರೆ ಅವುಗಳ ಖರೀದಿ ವೆಚ್ಚ ರೂ. 12,000, ಮಾರಿದರೆ ಬರುವುದು ರೂ. 7,200. ಮಾರಾಟದ ಖರ್ಚನ್ನು ಹಿಡಿಯದಿದ್ದರೂ ರೂ. 4,800 ಇಳಿಸಿ ಬರೆಯಬೇಕು. ಬಣ್ಣದ ಅಂಕಣವಿಲ್ಲದ ಪುಸ್ತಕದಲ್ಲಿ ಈ 24 ಅಂಗಿಗಳು ಇತರ ಹೊಸ ಅಂಗಿಗಳೊಡನೆ ಸೇರಿಕೊಂಡು ಪೂರ್ಣ ಬೆಲೆಗೆ ನಿಲ್ಲುತ್ತವೆ. ಪರಿಣಾಮವಾಗಿ ಗಲ್ಲಾಪೆಟ್ಟಿಗೆಗೆ ಬಾರದ ಲಾಭದ ಮೇಲೆ ತೆರಿಗೆ ಬೀಳುತ್ತದೆ. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನಿನ ವಿವರದಲ್ಲಿಯೂ ಇದೇ ತಪ್ಪು ಮುಂದುವರಿದರೆ, ತಪಾಸಣೆಗೆ ಬಂದವರು ಹಳೆಯ ಸರಕನ್ನು ಬೇರ್ಪಡಿಸಿದ ದಿನ ಸಾಲದ ಮಿತಿ ಏಕಾಏಕಿ ಕುಗ್ಗುತ್ತದೆ.

ಉಳಿದ ಸರಕನ್ನು ಸಂಪೂರ್ಣವಾಗಿ ರದ್ದುಪಡಿಸಿ ಪುಸ್ತಕದಿಂದ ತೆಗೆದರೆ ಅಥವಾ ಉಚಿತವಾಗಿ ಹಂಚಿದರೆ, ಜಿಎಸ್‌ಟಿ ಕಾಯಿದೆಯ 17(5)(ಎಚ್) ಪ್ರಕಾರ ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ರಿಯಾಯಿತಿ ದರದಲ್ಲಿ ನಿಜವಾಗಿ ಮಾರಿದರೆ ಈ ತೊಂದರೆಯಿಲ್ಲ. ಒಪ್ಪದ ಬಣ್ಣವನ್ನು ಮೂರು ವರ್ಷ ಕಾಯ್ದಿಟ್ಟು ಕಡೆಗೆ ಹಂಚುವುದಕ್ಕಿಂತ ಮೊದಲ ವರ್ಷವೇ ಕಡಿಮೆ ಬೆಲೆಗೆ ಬಿಡುವುದು ಎಲ್ಲ ದೃಷ್ಟಿಯಿಂದಲೂ ಮೇಲು.

ಬಣ್ಣಕ್ಕೊಂದು ಪ್ರತ್ಯೇಕ ಸಂಕೇತ ಕೊಟ್ಟು ಬಿಲ್ ಮಾಡುವ ವ್ಯವಸ್ಥೆ ಇಂದಿನ ಸಾಮಾನ್ಯ ಬಿಲ್ಲಿಂಗ್ ತಂತ್ರಾಂಶಗಳಲ್ಲಿಯೂ ಇದೆ, ಬಳಸುವವರು ಕಡಿಮೆ. ಎರಡು ಹಬ್ಬದ ಋತುಗಳ ದಾಖಲೆ ಕೈಯಲ್ಲಿದ್ದರೆ ತಮ್ಮ ಊರಿನ ಗಿರಾಕಿಗಳ ಮೈಬಣ್ಣಕ್ಕೆ ಯಾವುದು ಸಲ್ಲುತ್ತದೆ ಎಂಬುದು ಪರದೇಶದ ಯಾವ ಪುಸ್ತಕಕ್ಕಿಂತಲೂ ಖಚಿತವಾಗಿ ತಿಳಿಯುತ್ತದೆ. ತಯಾರಕರು ಬಣ್ಣ ಹಾಕಿಸುವ ಮೊದಲು ಒಂದೊಂದು ಮೀಟರಿನ ಮಾದರಿ ತರಿಸಿ, ಘಟಕದಲ್ಲಿಯೇ ಇರುವ ಮೂರು ನಾಲ್ಕು ಬೇರೆ ಬೇರೆ ಮೈಬಣ್ಣದವರ ಕೊರಳಿಗೆ ಹಿಡಿದು ನೋಡಬಹುದು. ಅದಕ್ಕೆ ತಗಲುವುದು ಅರ್ಧ ಗಂಟೆ. ಬಣ್ಣದ ಘಟಕಗಳು ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಬಟ್ಟೆಗೆ ಬಣ್ಣ ಹಾಕಲು ಒಪ್ಪದ ಕಾರಣ, ತಪ್ಪು ಬಣ್ಣದ ಒಂದು ಲಾಟ್ ಎಂದರೆ ನೂರಾರು ಮೀಟರ್.

ಚಿಲ್ಲರೆ ವ್ಯಾಪಾರಿಗಳು ಎದುರಿಸುವ ಕಷ್ಟ ಬೇರೆ. ಸಗಟು ಮಾರಾಟಗಾರರು ಎಂಟು ಬಣ್ಣಗಳ ಕಟ್ಟನ್ನು ಒಡೆಯಲು ಒಪ್ಪುವುದಿಲ್ಲ. ಒಪ್ಪಿದರೂ ಬೆಲೆ ಏರಿಸುತ್ತಾರೆ. ಆ ಏರಿಕೆಗೆ ಹೆದರಬೇಕಾಗಿಲ್ಲ. ಮೇಲಿನ ಉದಾಹರಣೆಯ ವ್ಯಾಪಾರಿಯು ನಗವೊಂದಕ್ಕೆ ರೂ. 10 ಹೆಚ್ಚು ಕೊಟ್ಟು, ಖಚಿತವಾಗಿ ಓಡುವ ಆರು ಬಣ್ಣಗಳಲ್ಲಿ 16ರಂತೆ 96 ಅಂಗಿಗಳನ್ನು ಆರಿಸಿಕೊಂಡಿದ್ದರೆ ಅವರಿಗೆ ಬೀಳುತ್ತಿದ್ದ ಹೆಚ್ಚುವರಿ ವೆಚ್ಚ ರೂ. 960. ಒಪ್ಪದ ಎರಡು ಬಣ್ಣಗಳನ್ನು ಕಟ್ಟಿನೊಡನೆ ತಂದದ್ದರಿಂದ ಅವರು ಕಳೆದುಕೊಂಡದ್ದು ರೂ. 10,800.